ಮನೆ ಮಾರುವವನ ಮೌನ

ಅಕ್ಕಿಯನ್ನು ಮಾರುವವನು ಅಕ್ಕಿಯ ಮೂಟೆಯೊಳಗೆ ವಾಸಮಾಡಿದವನಲ್ಲ. ಜವಳಿಯ ವ್ಯಾಪಾರಿ ತಾನು ಬಿಡಿಸಿ ತೋರಿಸುವ ಸೀರೆಯನ್ನು ಒಂದು ದಿನವಾದರೂ ಮನೆಯವರಿಗೆ ಉಡಿಸಿ ನೋಡಿದವನಲ್ಲ. ಪದಾರ್ಥದ ವಿಷಯದಲ್ಲಿ ಅವನಿಗೆ ತಿಳಿದಿರುವುದಕ್ಕೂ ಗಿರಾಕಿಗೆ ತಿಳಿಯಬಹುದಾದುದಕ್ಕೂ ಬಹಳ ಅಂತರವಿಲ್ಲ. ಗಿರಾಕಿಯೂ ಹಿಡಿ ಅಕ್ಕಿಯನ್ನು ಅಂಗೈಮೇಲೆ ಹರಡಿ ನೋಡಬಲ್ಲನು, ಸೀರೆಯ ಸೆರಗನ್ನು ಬೆಳಕಿಗೆ ಹಿಡಿಯಬಲ್ಲನು. ಇಪ್ಪತ್ತು ಮೂವತ್ತು ವರ್ಷ ತಾನು ಬಾಳಿದ ಮನೆಯನ್ನು ವಿಕ್ರಯಕ್ಕಿಟ್ಟ ಗೃಹಸ್ಥನ ಸ್ಥಿತಿ ಇಂಥದಲ್ಲ. ಯಾವ ದಿಕ್ಕಿನ ಮಳೆಗೆ ಯಾವ ಮೂಲೆ ಸೋರುತ್ತದೆ, ಯಾವ ತಿಂಗಳಲ್ಲಿ ಬಾವಿಯ ನೀರು ತಳದ ಕಲ್ಲು ಕಾಣುವಷ್ಟು ಇಳಿಯುತ್ತದೆ, ನಡುಮನೆಯ ಯಾವ ತೊಲೆಯನ್ನು ಗೆದ್ದಲು ಹೊಕ್ಕು ಅರ್ಧ ತಿಂದ ಮೇಲೆ ಸೀಮೆಎಣ್ಣೆ ಹೊಯ್ದು ನಿಲ್ಲಿಸಿದ್ದಾಯಿತು, ಪಕ್ಕದ ನಿವೇಶನದವರು ತಮ್ಮ ಕಾಂಪೌಂಡನ್ನು ಎಷ್ಟು ಅಡಿ ಈಚೆಗೆ ತಂದಿದ್ದಾರೆ, ಇವೆಲ್ಲವೂ ಅವನ ಮೈಗೆ ಹತ್ತಿದ ಜ್ಞಾನ. ಕೊಳ್ಳಲು ಬಂದವನಾದರೋ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಇದ್ದು, ಕೋಣೆ ಕೋಣೆಗೂ ಇಣುಕಿ, ನಲ್ಲಿಯನ್ನೊಮ್ಮೆ ತಿರುಗಿಸಿ, ಕೊಟ್ಟ ಕಾಫಿ ಕುಡಿದು ಹೊರಡತಕ್ಕವನು. ವಾಸದಿಂದ ಬಂದ ಈ ಜ್ಞಾನ ಯಾರ ಸ್ವತ್ತು? ಮನೆಯೊಡನೆ ಅದೂ ಕೊಂಡವನ ಕೈಸೇರತಕ್ಕದ್ದೋ, ಅಥವಾ ಮಾರುವವನು ಅದನ್ನು ತನ್ನ ಪೆಟ್ಟಿಗೆ ಹಾಸಿಗೆಗಳ ಜೊತೆಯಲ್ಲಿ ಕಟ್ಟಿಕೊಂಡು ಹೋಗಬಹುದೋ? ಮನೆ ಮಾರಾಟದಲ್ಲಿ ಧರ್ಮಜಿಜ್ಞಾಸೆಗೆ ಎಡೆಯಾದ ಮುಖ್ಯ ಪ್ರಶ್ನೆ ಇದೊಂದೇ ಎಂದು ನನಗೆ ತೋರುತ್ತದೆ, ಉಳಿದದ್ದು ಲೆಕ್ಕಾಚಾರ.

ಮನೆಯನ್ನು ಸಿದ್ಧಪಡಿಸುವ ಕೆಲಸ ಸುಣ್ಣಬಣ್ಣಗಳಿಂದ ಆರಂಭವಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಹಬ್ಬ ಬಂದರೆ ಸುಣ್ಣ ಬಳಿಸುವ, ಮದುವೆ ಬಂದರೆ ಚಪ್ಪರ ಹಾಕಿಸುವ ನಾವು, ಮನೆ ನೋಡಲು ಬರುವ ಗಿರಾಕಿಯ ಮುಂದೆ ಮಾತ್ರ ಜೇಡರಬಲೆಯನ್ನು ಪ್ರಾಮಾಣಿಕತೆಯ ಲಾಂಛನವೆಂಬಂತೆ ತೂಗುಬಿಡಬೇಕಾಗಿಲ್ಲ. ರೆಡ್ ಆಕ್ಸೈಡ್ ನೆಲವನ್ನು ತೊಳೆದು ಎಣ್ಣೆಬಟ್ಟೆಯಿಂದ ಒರಸಿ ಹೊಳಪು ತರುವುದು, ಸಡಿಲವಾದ ಕಿಟಕಿಯ ಕದವನ್ನು ಬಡಗಿಯ ಕೈಯಿಂದ ಸರಿಪಡಿಸುವುದು, ಅಟ್ಟದ ಮೇಲಿನ ಹಳೆಯ ಕಬ್ಬಿಣ ಕಾಗದಗಳನ್ನು ಗುಜರಿಯವನಿಗೆ ಹಾಕುವುದು, ಇವು ಮನೆಗೂ ಬರುವವರಿಗೂ ಸಲ್ಲತಕ್ಕ ಮರ್ಯಾದೆಗಳು. ಆದರೆ ಅದೇ ಕೈ, ಅದೇ ಬಣ್ಣದ ಬ್ರಷ್ಷು, ಯಾರಿಗೂ ಗೊತ್ತಾಗದಂತೆ ಒಂದು ಗಡಿಯನ್ನು ದಾಟಿಬಿಡುವುದುಂಟು. ಸ್ನಾನದ ಮನೆಗೆ ಅಂಟಿಕೊಂಡ ಗೋಡೆಯನ್ನು ನೋಡಿ: ಬುಡದಿಂದ ಮೊಣಕಾಲೆತ್ತರದವರೆಗೆ ತೇವವೇರಿ, ಗಾರೆ ಉಬ್ಬಿ, ಬೆರಳಿನಿಂದ ಒತ್ತಿದರೆ ಬಿಳಿಯ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಉಬ್ಬಿದ್ದನ್ನು ಕೆರೆದು, ಪುಟ್ಟಿ ಮೆತ್ತಿ, ನಯವಾಗಿ ಉಜ್ಜಿ, ಎರಡು ಸಲ ಬಣ್ಣ ಹೊಡೆದರೆ ಒಂದು ಮಳೆಗಾಲದವರೆಗೆ ಆ ಗೋಡೆ ನವನವೀನ. ಅಷ್ಟು ಖರ್ಚು ಬೇಡವೆಂದರೆ ಬಟ್ಟೆಯ ಬೀರುವನ್ನು ಅಲ್ಲಿಗೆ ಸರಿಸಿದರಾಯಿತು. ದಲ್ಲಾಳಿಯ ಉಪದೇಶಗಳಂತೂ ಇನ್ನೂ ಸೂಕ್ಷ್ಮ: “ಕಾರ್ಪೊರೇಷನ್ ನೀರು ಬಿಡುವ ದಿನವೇ ಬರಹೇಳಿ ಸ್ವಾಮಿ, ನಲ್ಲಿ ಬುಸುಗುಟ್ಟಿದ್ದು ಕಂಡರೆ ಅರ್ಧ ವ್ಯಾಪಾರ ಮುಗಿದ ಹಾಗೆ.” ಹಿತ್ತಿಲ ಚರಂಡಿಯ ವಾಸನೆ ಒಳಗೆ ಬರುವ ಮನೆಯಾದರೆ ದೇವರಕೋಣೆಯಲ್ಲಿ ನಾಲ್ಕು ಊದುಬತ್ತಿ ಹೆಚ್ಚಾಗಿ ಉರಿಯುತ್ತವೆ. ದೇವರನ್ನು ಇಂಥ ಕೆಲಸಕ್ಕೆ ಪಾಲುದಾರನನ್ನಾಗಿ ಮಾಡಿಕೊಂಡವರು ಅವನಿಗೆ ದಲ್ಲಾಳಿಯಷ್ಟು ಕಮಿಷನ್ನನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಈ ಕಲೆ ಹೊಸದಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಆಥೆನ್ಸಿನಲ್ಲಿ ವ್ಯಾಸಂಗಮಾಡುತ್ತಿದ್ದ ತನ್ನ ಮಗನಿಗಾಗಿ, ಮನುಷ್ಯನ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಒಂದು ಕಥೆಯಿದೆ. ಕಾನಿಯಸ್ ಎಂಬ ರೋಮನ್ ಗೃಹಸ್ಥನೊಬ್ಬನು ವಿಶ್ರಾಂತಿಗೆಂದು ಸಿರಾಕ್ಯೂಸ್ ಪಟ್ಟಣಕ್ಕೆ ಹೋಗಿ, ಸ್ನೇಹಿತರೊಡನೆ ಕಾಲ ಕಳೆಯಲು ಒಂದು ಉದ್ಯಾನಗೃಹ ಬೇಕೆಂದು ವಿಚಾರಿಸುತ್ತಿದ್ದನು. ಇದನ್ನು ಕೇಳಿದ ಪಿಥಿಯಸ್ ಎಂಬ ಲೇವಾದೇವಿಯವನು, ತನ್ನ ತೋಟವೇನೂ ಮಾರಾಟಕ್ಕಿಲ್ಲವೆಂದೂ ಸ್ವಂತದ್ದೆಂದು ಭಾವಿಸಿ ನಾಳೆ ಊಟಕ್ಕೆ ಬರಬಹುದೆಂದೂ ಆಹ್ವಾನವಿತ್ತು, ಆ ಕಡೆ ಬೆಸ್ತರನ್ನು ಕರೆಸಿ ಮಾರನೆಯ ದಿನ ತನ್ನ ತೋಟದ ಮುಂದೆಯೇ ಬಲೆ ಬೀಸಬೇಕೆಂದು ಏರ್ಪಾಟು ಮಾಡಿದನು. ಕಾನಿಯಸ್ ಬಂದಾಗ ಕಣ್ಣಿಗೆ ಕಂಡದ್ದು ದೋಣಿಗಳ ಸಂತೆ. ಒಬ್ಬೊಬ್ಬ ಬೆಸ್ತನೂ ಹಿಡಿದ ಮೀನನ್ನು ತಂದು ಪಿಥಿಯಸ್ಸನ ಕಾಲಬಳಿ ಸುರಿಯುತ್ತಿದ್ದನು. ಊರಿನ ಮೀನೆಲ್ಲ ಇಲ್ಲಿಯದೇ, ಈ ತಾಣವಿಲ್ಲದೆ ಇವರ ಬದುಕೇ ನಡೆಯದು ಎಂದು ಕೇಳಿದೊಡನೆ ಕಾನಿಯಸ್ ಆಸೆಯಿಂದ ಉರಿದು, ಬೇಡಿ ಕಾಡಿ, ಹೇಳಿದ ಬೆಲೆಗೆ ತೋಟವನ್ನು ಕೊಂಡನು. ಮರುದಿನ ಮಿತ್ರರೊಡನೆ ಬಂದು ನೋಡಿದರೆ ಒಂದು ಹುಟ್ಟುಗೋಲೂ ಇಲ್ಲ. ಬೆಸ್ತರಿಗೆ ಇಂದು ಏನಾದರೂ ಹಬ್ಬವೋ ಎಂದು ನೆರೆಯವನನ್ನು ಕೇಳಿದಾಗ, ಇಲ್ಲಿ ಎಂದೂ ಯಾರೂ ಮೀನು ಹಿಡಿಯುವುದಿಲ್ಲವೆಂದೂ, ನಿನ್ನೆ ಏನಾಗಿತ್ತೋ ಎಂದು ತನಗೇ ಆಶ್ಚರ್ಯವಾಗಿತ್ತೆಂದೂ ಉತ್ತರ ಬಂತು. ಪಿಥಿಯಸ್ಸನು ಒಂದು ಸುಳ್ಳು ಕ್ರಯಪತ್ರವನ್ನೂ ಬರೆಯಲಿಲ್ಲ. ಮನೆ ತೋರಿಸುವ ದಿನವನ್ನು ಆರಿಸಿಕೊಂಡು ಸಜ್ಜುಗೊಳಿಸಿದನು, ಅಷ್ಟೆ. ನೀರು ಬಿಡುವ ದಿನವನ್ನು ಆರಿಸುವವನಿಗೂ ಅವನಿಗೂ ನಡುವೆ ಇರುವುದು ಪ್ರಮಾಣದ ಭೇದವೇ ಹೊರತು ಜಾತಿಯ ಭೇದವಲ್ಲ.

ಅದೇ ಗ್ರಂಥದಲ್ಲಿ ಇದಕ್ಕಿಂತ ಗಹನವಾದ ಮತ್ತೊಂದು ಪ್ರಸಂಗವಿದೆ. ಮನೆಯೊಂದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮಲಗುವ ಕೋಣೆಗಳಲ್ಲೆಲ್ಲ ಹಾವು ಕಾಣಿಸಿಕೊಳ್ಳುತ್ತವೆ. ಮರಮುಟ್ಟು ಕೆಟ್ಟು ಬೀಳುವಂತಿದೆ. ಇದು ಯಜಮಾನನ ಹೊರತು ಮತ್ತಾರಿಗೂ ತಿಳಿಯದು. ಅವನು ಬಾಯಿಬಿಡದೆ ಮನೆಯನ್ನು ಮಾರಿದರೆ ಅಧರ್ಮವೆ? ಸ್ಟೋಯಿಕ್ ಪಂಥದ ಡಯೋಜೆನೀಸ್ ಎಂಬ ಆಚಾರ್ಯನು ಅಲ್ಲವೆಂದನು: ಕೊಳ್ಳೆಂದು ಯಾರೂ ಬಲಾತ್ಕರಿಸಲಿಲ್ಲ, ಹೇಳದೆ ಇರುವುದು ಬೇರೆ, ಮುಚ್ಚಿಡುವುದು ಬೇರೆ, ತನ್ನ ಸರಕಿನ ದೋಷವನ್ನು ತಾನೇ ಸಾರಿಕೊಂಡು ಮಾರುವ ಮೂರ್ಖನುಂಟೆ? ಅವನ ಶಿಷ್ಯನಾದ ಆಂಟಿಪೇಟರನು ಗುರುವಿನ ಮಾತನ್ನು ಒಪ್ಪಲಿಲ್ಲ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವಾದರೆ, ಗೊತ್ತಿದ್ದೂ ಒಬ್ಬನನ್ನು ದಾರಿ ತಪ್ಪಲು ಬಿಡುವುದು ಅದಕ್ಕಿಂತ ಕೀಳಲ್ಲವೆ? ಸಿಸೆರೊ ಶಿಷ್ಯನ ಪಕ್ಷವನ್ನು ಹಿಡಿದನು. ಗುರುವಿನ ವಾದ ಮಾತ್ರ ಇಂದಿಗೂ ನಮ್ಮ ಪೇಟೆಯಲ್ಲಿ ಆರೋಗ್ಯದಿಂದಿದೆ. “ಕೇಳಲಿಲ್ಲ, ಹೇಳಲಿಲ್ಲ” ಎಂಬುದು ಅದರ ಕನ್ನಡದ ರೂಪ.

ಡಯೋಜೆನೀಸನ ವಾದದ ಬಲವೆಲ್ಲ ಒಂದು ಗ್ರಹಿಕೆಯ ಮೇಲೆ ನಿಂತಿದೆ: ಇದು ಸತ್ಯಾಸತ್ಯಗಳ ಪ್ರಶ್ನೆ ಎಂಬುದೇ ಆ ಗ್ರಹಿಕೆ. ಸುಳ್ಳು ಹೇಳುವುದಕ್ಕೆ ಬಾಯಿ ಬೇಕು. ಬಾಯಿ ತೆರೆಯದವನು ಸುಳ್ಳನ್ನು ಹೇಗೆ ಹೇಳಿಯಾನು? ಇಲ್ಲಿ ನನಗೆ ದಾರಿ ತೋರಿದ್ದು ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಅಲ್ಲಿ ಶ್ರಾವಕನು, ಅಂದರೆ ಸಂಸಾರದಲ್ಲಿಯೇ ಇರತಕ್ಕ ಗೃಹಸ್ಥನು, ಕೈಗೊಂಡ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಎಂದರೆ ವ್ರತವು ಮುರಿಯದಿದ್ದರೂ ಮಾಸತಕ್ಕ ನಡತೆಗಳನ್ನು, ಎಣಿಸಿದ್ದಾರೆ. ನಕಲಿಯನ್ನು ಅಸಲಿಯಂತೆ ತೋರಿಸಿ ಮಾಡುವ ವ್ಯವಹಾರಕ್ಕೆ ಅಲ್ಲಿ ಪ್ರತಿರೂಪಕ ವ್ಯವಹಾರವೆಂದು ಹೆಸರು. ಕನ್ನಡನಾಡಿನೊಡನೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದನ್ನು ಕೃತ್ರಿಮವಾದ ಹೊನ್ನು ಮೊದಲಾದವುಗಳಿಂದ ವಂಚಿಸುವುದೆಂದು ವಿವರಿಸುತ್ತಾರೆ. ಗಮನಿಸತಕ್ಕ ಸಂಗತಿಯೆಂದರೆ, ಈ ದೋಷವನ್ನು ಅವರು ಸತ್ಯವ್ರತದ ಕೆಳಗೆ ಇಡಲಿಲ್ಲ. ಅಚೌರ್ಯವ್ರತದ ಕೆಳಗೆ, ಕಳ್ಳತೂಕ ಕಳ್ಳಅಳತೆಗಳ ಮಗ್ಗುಲಲ್ಲಿ ಇಟ್ಟರು. ಪುಟ್ಟಿ ಮೆತ್ತಿದ ಗೋಡೆ ಹಾಗಾದರೆ ಸುಳ್ಳಲ್ಲ, ಕಳವು. ಬಾಯಿ ತೆರೆದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ; ಕಳ್ಳನು ಮೌನವಾಗಿದ್ದನೆಂಬುದು ಎಲ್ಲಿಯೂ ಅವನ ಪರವಾದ ಸಾಕ್ಷ್ಯವಾಗಿಲ್ಲ. ಒಣ ಗೋಡೆಗೆ ಸಲ್ಲತಕ್ಕ ಬೆಲೆಯನ್ನು ಒದ್ದೆ ಗೋಡೆಗೆ ತೆಗೆದುಕೊಂಡವನು, ಆ ಎರಡರ ನಡುವಣ ಅಂತರದಷ್ಟು ಹಣವನ್ನು, ಕೊಂಡವನು ತಿಳಿದು ಕೊಡದೆಯೇ, ಅವನಿಂದ ತೆಗೆದುಕೊಂಡಂತಾಯಿತು; ಲೆಕ್ಕ ಇಷ್ಟು ಸರಳವಾಗಿದೆ.

ಹಾಗಾದರೆ ಮನೆಯ ವಿಷಯವಾಗಿ ಬಲ್ಲದ್ದನ್ನೆಲ್ಲ ಒದರಿಬಿಡಬೇಕೆ? ಇಲ್ಲಿ ಒಂದು ತೊಡಕುಂಟು. ಆ ಮನೆಯ ಮೇಲಣ ಕೋಣೆಯಲ್ಲಿ ಮನೆಯ ಮಗಳೊಬ್ಬಳು ಎಂದೋ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದಾಳೆ ಎಂದಿಟ್ಟುಕೊಳ್ಳೋಣ. ಗೋಡೆಗೆ ಅದರಿಂದ ಬಿರುಕು ಬಂದಿಲ್ಲ, ತೊಲೆ ಬಾಗಿಲ್ಲ. ಆದರೆ ಸುದ್ದಿ ತಿಳಿದರೆ ಕೊಳ್ಳುವವರಲ್ಲಿ ಅನೇಕರು ಮೆಟ್ಟಿಲಿಂದಲೇ ಹಿಂದಿರುಗುತ್ತಾರೆ. ಮಾರುವವನಿಗೆ ಇದರಲ್ಲಿ ನಂಬಿಕೆಯಿಲ್ಲ, ಕೊಳ್ಳುವವನಿಗೆ ಇದೆ; ಯಾರ ನಂಬಿಕೆಯ ಅಳತೆಗೋಲಿನಿಂದ ದೋಷವನ್ನು ಅಳೆಯಬೇಕು? ಆಶ್ಚರ್ಯವೆಂದರೆ, ಅದೇ ತತ್ತ್ವಾರ್ಥಸೂತ್ರವು ಪರರ ಏಕಾಂತದ ಗುಟ್ಟನ್ನು ಹೊರಗೆಡಹುವುದನ್ನು ಸತ್ಯವ್ರತದ ಅತಿಚಾರಗಳಲ್ಲಿಯೇ ಸೇರಿಸಿದೆ. ಎಂದ ಮೇಲೆ, ವಸ್ತುವಿನ ದೋಷವನ್ನು ಕುರಿತ ಮೌನವೂ ವ್ಯಕ್ತಿಯ ದುಃಖವನ್ನು ಕುರಿತ ಮೌನವೂ ಹೊರನೋಟಕ್ಕೆ ಒಂದಾದರೂ ಧರ್ಮದ ದೃಷ್ಟಿಯಲ್ಲಿ ಎರಡು. ನನ್ನ ಮನಸ್ಸು ಒಲಿಯುವುದು ಹೀಗೆ: ಗೋಡೆಯ ಸಮಾಚಾರವನ್ನು ಕೇಳದಿದ್ದರೂ ಹೇಳತಕ್ಕದ್ದು, ಮೃತಳ ಸಮಾಚಾರವನ್ನು ಕೇಳಿದರೆ ಮಾತ್ರ ಹೇಳತಕ್ಕದ್ದು, ಕೇಳಿದರೆ ಮರೆಸಲಾಗದು. ಇದು ಎಲ್ಲರಿಗೂ ಸಮ್ಮತವಾದೀತೆಂಬ ಭ್ರಮೆ ನನಗಿಲ್ಲ. ವಾಸ್ತುವಿನ ಗೋಜು ಇಷ್ಟು ಕಷ್ಟದ್ದಲ್ಲ. ಬಾಗಿಲು ದಕ್ಷಿಣಕ್ಕಿರುವುದು ಕೊಳ್ಳುವವನ ಕಣ್ಣಿಗೇ ಕಾಣುತ್ತದೆ, ಅವನ ಜೋಯಿಸರ ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನು ಬೆಲೆ. ಇಲ್ಲಿ ಮಾರುವವನನ್ನು ಕಾಡುವುದು ಲೋಭಕ್ಕಿಂತ ಹೆಚ್ಚಾಗಿ ಮಮಕಾರ. ತಂದೆ ನಿಂತು ಕಟ್ಟಿಸಿದ್ದು, ಮುಂಬಾಗಿಲಿಗೆ ಶಿವಮೊಗ್ಗೆಯ ಕಡೆಯಿಂದ ತೇಗ ತರಿಸಿದ್ದು, ತಾಯಿ ಕೈಯಾರ ಸಂಪಗೆಯ ಗಿಡ ನೆಟ್ಟದ್ದು, ಇವುಗಳಿಗೆಲ್ಲ ಅವನು ಮನಸ್ಸಿನಲ್ಲಿಯೇ ದರ ಕಟ್ಟಿ, ಪೇಟೆಯ ಬೆಲೆಯ ಮೇಲೆ ಸೇರಿಸಿ, ಆಮೇಲೆ ಬರುವ ಗಿರಾಕಿಗಳೆಲ್ಲ ರಸಹೀನರೆಂದು ಕೋಪಿಸಿಕೊಳ್ಳುತ್ತಾನೆ. ಮಮತ್ವವೆಂಬುದು ಆಶ್ರಯಿಸಿಕೊಂಡಿರುವುದು ಮನೆಯ ಒಡೆಯನನ್ನೇ ಹೊರತು ಮನೆಯನ್ನಲ್ಲ. ತೇಗದ ಬಾಗಿಲು ಕ್ರಯಪತ್ರದೊಡನೆ ಪರಾಧೀನವಾಗುತ್ತದೆ, ತಂದೆಯ ನೆನಪು ಆಗುವುದಿಲ್ಲ. ಕೊಡಲಾಗದ ವಸ್ತುವಿಗೆ ಕ್ರಯ ಕೇಳುವುದೂ ಪ್ರತಿರೂಪಕ ವ್ಯವಹಾರದ ಒಂದು ಭೋಳೆ ಸ್ವರೂಪವೇ ಸರಿ. ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಒಂದು ಬೆಲೆ ಎಂಬ ನಮ್ಮ ನಗರಗಳ ಸಂಪ್ರದಾಯವನ್ನು ಕುರಿತು ವಿಸ್ತರಿಸಬೇಕಾಗಿಲ್ಲ. ಕಪಟಲೇಖನವನ್ನು ಶಾಸ್ತ್ರಕಾರರು ಸತ್ಯವ್ರತದ ಅತಿಚಾರಗಳಲ್ಲಿ ಹೆಸರು ಹಿಡಿದೇ ಹೇಳಿದ್ದಾರೆ.

ಕೊಳ್ಳುವವನಿಗೂ ಧರ್ಮವಿದೆಯೆಂಬುದನ್ನು ಜನ ಮರೆಯುತ್ತಾರೆ. ಸಿಸೆರೊ ಸ್ಮರಿಸುವ ಸ್ಕೀವೊಲಾ ಎಂಬ ನ್ಯಾಯಶಾಸ್ತ್ರಜ್ಞನು ಒಂದು ಜಮೀನನ್ನು ಕೊಳ್ಳುವಾಗ, ಕೊನೆಯ ಬೆಲೆಯನ್ನು ಒಂದೇ ಮಾತಿನಲ್ಲಿ ಹೇಳೆಂದು ಕೇಳಿ, ಕೇಳಿದ ಮೇಲೆ ತನ್ನ ಅಂದಾಜು ಅದಕ್ಕಿಂತ ಹೆಚ್ಚೆಂದು ಹೇಳಿ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನಂತೆ. ಇಂಥ ಗಿರಾಕಿಗಾಗಿ ಕಾದು ಕೂತವರ ಮನೆ ಮಾರಾಟವಾಗುವಂತಿಲ್ಲ. ಆದರೂ ನಮ್ಮಲ್ಲಿ ಇಂದಿಗೂ ನಡೆಯುತ್ತಿರುವ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಈ ಎರಡು ಕಡೆಯ ಧರ್ಮವನ್ನೂ ಬಲ್ಲುದು: ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಧಾರಣ ಎಚ್ಚರಿಕೆಯಿಂದ ಅವನು ಕಂಡುಹಿಡಿಯಲಾಗದ ಮುಖ್ಯ ದೋಷ ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಮಾರುವವನು ಅದನ್ನು ತಿಳಿಸತಕ್ಕದ್ದು, ಹಾಗೆಯೇ ಮಾರುವವನ ಹಕ್ಕಿನ ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವಂಥ, ಆ ಹಕ್ಕಿಗೆ ಸಂಬಂಧಿಸಿದ ಸಂಗತಿಯೊಂದು ಅವನಿಗೆ ಗೊತ್ತಿಲ್ಲದೆ ಕೊಳ್ಳುವವನಿಗೆ ಗೊತ್ತಿದ್ದರೆ ಕೊಳ್ಳುವವನೂ ತಿಳಿಸತಕ್ಕದ್ದು. ಕಾಯಿದೆ “ಸಾಧಾರಣ ಎಚ್ಚರಿಕೆ”ಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಎಚ್ಚರವಿಲ್ಲದ ಬಡಪಾಯಿಯೊಬ್ಬನು, ಜೀವಮಾನದ ಉಳಿತಾಯವನ್ನು ಕೈಯಲ್ಲಿ ಹಿಡಿದು, ಬಿರುಕನ್ನು ಕಂಡೂ ಅದರ ಅರ್ಥವನ್ನರಿಯದೆ ತಲೆಯಾಡಿಸುತ್ತ ನಿಂತಿದ್ದಾಗ ಹೇಳಬೇಕಾದುದನ್ನು ಹೇಳಿಸುವ ಬಲ ಆ ಕಲಮಿಗಿಲ್ಲ.

ಇಲ್ಲಿಗೆ ನಮ್ಮ ನಾಡಿನವನೇ ಆದ ಒಬ್ಬ ಧರ್ಮಶಾಸ್ತ್ರಿಯ ನೆನಪು ಬರುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಮುಂದೆ ಒಂದು ವಿರೋಧವಿತ್ತು: ಸ್ಥಾವರವನ್ನು ಮಾರಲಾಗದೆಂದು ಒಂದು ವಚನ, ಭೂಮಿಯನ್ನು ದಾನಮಾಡುವುದು ಪ್ರಶಸ್ತವೆಂದು ಇನ್ನೊಂದು, ಲೋಕದಲ್ಲಾದರೋ ಜನ ಭೂಮಿಯನ್ನು ಮಾರುತ್ತಲೇ ಇದ್ದಾರೆ. ಅವನು ಕೊಟ್ಟ ಪರಿಹಾರ ಹೀಗಿದೆ: ಮಾರಲೇಬೇಕಾದಾಗ ಹೊನ್ನನ್ನೂ ನೀರನ್ನೂ ಕೈಯಲ್ಲಿ ಹಿಡಿದು ಧಾರೆಯೆರೆದು, ದಾನದ ರೂಪದಲ್ಲಿ ವಿಕ್ರಯವನ್ನು ಮಾಡತಕ್ಕದ್ದು. ಗ್ರಾಮದವರ, ಜ್ಞಾತಿಗಳ, ನೆರೆಹೊಲದವರ, ದಾಯಾದರ ಅನುಮತಿಯೂ ಬೇಕೆಂಬ ವಚನಕ್ಕೆ ಅವನು ಹೇಳುವ ಕಾರಣಗಳು ಇನ್ನೂ ಸ್ವಾರಸ್ಯವಾಗಿವೆ. ಗ್ರಾಮದ ಅನುಮತಿ ವ್ಯವಹಾರವು ಬಹಿರಂಗವಾಗುವುದಕ್ಕಾಗಿ, ನೆರೆಯವರ ಅನುಮತಿ ಮುಂದೆ ಎಲ್ಲೆಯ ಜಗಳ ಬಾರದಿರುವುದಕ್ಕಾಗಿ. ಎಲ್ಲರೆದುರು ನಡೆದ ಕ್ರಯದಲ್ಲಿ ಬಾವಿ ಬೇಸಗೆಯಲ್ಲಿ ಬತ್ತುವ ಸುದ್ದಿಯನ್ನು ಮುಚ್ಚಿಡುವುದೆಂತು? ಊರಿಗೆ ಊರೇ ಅದನ್ನು ಬಲ್ಲದು. ಇಂದು ಜ್ಞಾತಿಗಳ ಜಾಗದಲ್ಲಿ ಅಣ್ಣತಮ್ಮಂದಿರ ಸಹಿಗಳು ಬಂದಿವೆ. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲೆಲ್ಲ 2005ರಿಂದ, ಪಿತ್ರಾರ್ಜಿತದಲ್ಲಿ ಜನ್ಮತಃ ಹಕ್ಕು ಪಡೆದ ಹೆಣ್ಣುಮಕ್ಕಳ ಸಹಿಗಳೂ ಸೇರಿವೆ. ಗ್ರಾಮದ ಜಾಗದಲ್ಲಿ ಮಾತ್ರ ಉಪನೋಂದಣಿ ಕಚೇರಿಯ ಬೆರಳಚ್ಚಿನ ಯಂತ್ರವಿದೆ. ಅದಕ್ಕೆ ಬಾವಿಯ ಸಮಾಚಾರ ಗೊತ್ತಿಲ್ಲ.

ವಿಜ್ಞಾನೇಶ್ವರನ ಪರಿಹಾರವನ್ನು ಶಾಸ್ತ್ರದ ತೇಪೆಯೆಂದು ನಗುವವರುಂಟು. ನನಗೆ ಅದರಲ್ಲಿ ಆಳವಾದ ಅರ್ಥ ಕಾಣುತ್ತದೆ. ವಿಕ್ರಯದಲ್ಲಿ ಪಡೆದ ಹೊನ್ನಿಗೆ ತಕ್ಕಷ್ಟನ್ನು ಕೊಂಡವನಿಗೆ ಒಪ್ಪಿಸಿದ ಮೇಲೂ, ಬೆಲೆಯ ಬಾಬಿನಲ್ಲಿ ಎಲ್ಲಿಯೂ ನಮೂದಾಗದೆ ಉಳಿಯುವ ಅಂಶವೊಂದಿದೆ. ಅದನ್ನು ಕೊಟ್ಟರೆ ದಾನವಾಗಿಯೇ ಕೊಡಬೇಕು. ವಾಸದಿಂದ ಬಂದ ಜ್ಞಾನವೇ ಆ ಅಂಶವೆಂದು ನಾನು ಭಾವಿಸುತ್ತೇನೆ. ಅದಕ್ಕೆ ಕ್ರಯ ಕೇಳಲಾಗದು, ಏಕೆಂದರೆ ಹೇಳುವವರೆಗೆ ಕೊಳ್ಳುವವನಿಗೆ ಅದರ ಬೆಲೆ ತಿಳಿಯದು, ಹೇಳಿದ ಮೇಲೆ ಮಾರಲು ಏನೂ ಉಳಿದಿರುವುದಿಲ್ಲ. ಹಳೆಯ ಕ್ರಯಪತ್ರಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಬಿಟ್ಟುಕೊಟ್ಟದ್ದಾಗಿ ಸಾರುತ್ತಿದ್ದುವು. ನೆಲದಡಿಯಲ್ಲಿ ಹೂತಿರಬಹುದಾದ ನಿಧಿಯನ್ನೂ ಬಿಟ್ಟುಕೊಡುತ್ತಿದ್ದವರು, ಕಣ್ಣಾರೆ ಕಂಡ ಸೋರಿಕೆಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕಾದ ಕಾರಣವೇನು?

ಮಾರಿದ ಮೇಲೂ ಮಾರದೆ ಉಳಿಯುವುದೊಂದುಂಟು ಎಂಬುದನ್ನು ದಕ್ಷಿಣ ಕನ್ನಡ ಉಡುಪಿಗಳ ಕಡೆಯವರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ಅಲ್ಲಿ ಜಾಗ ಕೈಬದಲಾದರೂ ಅದರೊಳಗಿನ ನಾಗಬನ ಮೂಲದ ಕುಟುಂಬದವರಿಗೆ ಮೂಲಸ್ಥಾನವಾಗಿಯೇ ಉಳಿಯುತ್ತದೆ; ಎಲ್ಲೆಲ್ಲೋ ನೆಲೆಸಿದವರು ನಾಗರಪಂಚಮಿಗೆ ತನು ಎರೆಯಲು, ಅಥವಾ ಮನೆಯಲ್ಲಿ ಏನೋ ತೊಂದರೆಯಾಗಿ ಪ್ರಶ್ನೆಯಿಟ್ಟು ನೋಡಿದ ಮೇಲೆ, ಇಂದಿನ ಒಡೆಯನ ಅಂಗಳವನ್ನು ದಾಟಿ ಬನಕ್ಕೆ ಹೋಗುತ್ತಾರೆ. ಕೊಂಡವನೂ ಅದನ್ನು ಬಲ್ಲ. ಬನವಿದೆಯೆಂಬುದನ್ನು ಮುಚ್ಚಿಟ್ಟು ಜಾಗ ಮಾರುವ ಎದೆಗಾರಿಕೆ ಅಲ್ಲಿ ಸುಲಭವಾಗಿ ಯಾರಿಗೂ ಬಾರದು. ಭಯದಿಂದಲೇ ಆಗಲಿ, ಭಕ್ತಿಯಿಂದಲೇ ಆಗಲಿ, ಈ ಒಂದು ಬಾಬಿನಲ್ಲಿಯಾದರೂ ಅವರ ಕ್ರಯವು ನಿಷ್ಕಪಟವಾಗಿದೆ.

ಹಳೆಯ ಮೈಸೂರಿನ ಕಡೆಯ ನಮಗೆ ಬೇರೊಂದು ಕಟ್ಟಳೆಯಿದೆ: ಆಷಾಢದಲ್ಲಿ ಮನೆ ಕೊಳ್ಳಬಾರದು, ಹೊಸ ಮನೆ ಹೊಗಬಾರದು. ಮಳೆಗಾಳಿಗೆ ಸಿಕ್ಕಿ ಮನೆಯೆಂಬುದು ತನ್ನ ಸೋರಿಕೆ, ತೇವ, ಕಟ್ಟಿಕೊಂಡ ಮೋರಿ ಎಲ್ಲವನ್ನೂ ತಾನಾಗಿ ಹೇಳಿಕೊಳ್ಳುವ ತಿಂಗಳಲ್ಲಿಯೇ ನೋಡುವವರು ಯಾರೂ ಬರುವುದಿಲ್ಲವೆಂಬುದು ಮಾರುವವರ ಪಾಲಿಗೆ ಎಂಥ ಅನುಕೂಲ! ನೋಂದಣಿಯನ್ನು ಬೇಕಾದರೆ ಶ್ರಾವಣಕ್ಕೆ ಇಟ್ಟುಕೊಳ್ಳಲಿ. ನೋಡುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇರುವಂತೆ ನನಗೆ ತೋರುವುದಿಲ್ಲ. ಆದಕಾರಣ ಮನೆ ಮಾರಲಿರುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು: ಸುಣ್ಣ ಬಳಿಸಿರಿ, ನೆಲ ತೊಳೆಸಿರಿ, ಪೇಟೆಯ ಬೆಲೆಯನ್ನು ಧಾರಾಳವಾಗಿ ಕೇಳಿರಿ, ಆದರೆ ಗಿರಾಕಿಯನ್ನು ಒಂದು ಸಲವಾದರೂ ಜಡಿಮಳೆಯ ಮಾರನೆಯ ದಿನ ಕರೆಯಿರಿ, ಮತ್ತು ನೀವು ಬಲ್ಲದ್ದನ್ನು ಒಂದು ಹಾಳೆಯಲ್ಲಿ ಬರೆದು, ಮುಂಗಡ ಹಣವನ್ನು ಮುಟ್ಟುವ ಮೊದಲು, ಅವನ ಕೈಗೆ ಕೊಡಿರಿ. ಬೆಲೆ ಸ್ವಲ್ಪ ಇಳಿದೀತು. ಆ ಇಳಿದ ಮೊತ್ತವನ್ನು ನಷ್ಟದ ಬಾಬಿನಲ್ಲಿ ಬರೆದುಕೊಳ್ಳಬೇಡಿರಿ.